ಫ್ರೆಂಚಿನ ಭೂತಕಾಲ ಮತ್ತು ನಮ್ಮ ಗಡಿನಾಡಿನ ಮಾತು



ಬಸವಕಲ್ಯಾಣದ ಕಡೆಯ ಹೈಸ್ಕೂಲೊಂದರಲ್ಲಿ ಕನ್ನಡ ಹೇಳಿಕೊಡುವ ಪಂಡಿತನು ಫ್ರೆಂಚ್ ಭಾಷೆಯ ಭೂತಕಾಲವನ್ನು ಕುರಿತು ಮಾತನಾಡಲು ಬಂದಿದ್ದಾನೆಂದರೆ ನಿಮಗೆ ನಗು ಬಂದೀತು. ನಾನು ಫ್ರೆಂಚ್ ಭಾಷೆಯನ್ನು ಬಲ್ಲವನಲ್ಲ. ಆ ಭಾಷೆಯ ಕಥೆ ಕಾದಂಬರಿಗಳನ್ನು ಓದಿದವನೂ ಅಲ್ಲ. ಆದರೆ ಅದರ ಭೂತಕಾಲವನ್ನು ಮಾತ್ರ ಹಟ ಹಿಡಿದು, ಎರಡು ತಿಂಗಳು ಕೂತು ಕಲಿತೆ. ಹಾಗೇಕೆ ಕಲಿತೆ, ಅದರಿಂದ ನನಗೇನು ತಿಳಿಯಿತು ಎಂಬುದನ್ನು ನಿಮ್ಮ ಮುಂದೆ ಇಡುತ್ತೇನೆ. ಫ್ರೆಂಚ್ ಕಲಿಯಲು ಹೊರಟ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಅವರಿಗೆ ಇದರಿಂದ ಪ್ರಯೋಜನವಾದೀತು. ಇಲ್ಲದಿದ್ದರೂ, ಕನ್ನಡ ಕಲಿಯುವ ಮಕ್ಕಳಂತೂ ಇದ್ದೇ ಇರುತ್ತಾರೆ.

ಪಂಚಮಿ ಹಬ್ಬಕ್ಕೆ ತವರಿಗೆ ಬಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಮನೆಗೆ ಬಂದಳು. ಮನೆಮಾತು ಮರಾಠಿಯಾದ ಹುಡುಗಿ. ಈಗ ಬೆಂಗಳೂರಿನಲ್ಲಿ ನೌಕರಿ. ಕಚೇರಿಯ ಕೆಲಸಕ್ಕೆ ಬೇಕೆಂದು ಸಂಜೆಯ ತರಗತಿಯಲ್ಲಿ ಫ್ರೆಂಚ್ ಕಲಿಯುತ್ತಿದ್ದಾಳೆ. “ಏನವ್ವಾ, ಹೊಸ ಭಾಷೆ ಹೇಗಿದೆ?” ಎಂದೆ. “ಎಲ್ಲಾ ಸರಿ ಸರ್, ಭೂತಕಾಲದ ಹತ್ತಿರ ಬಂದಾಗ ತರಗತಿಯಲ್ಲಿ ಎಲ್ಲರೂ ಎಡವುತ್ತಾರೆ. ನನಗೊಬ್ಬಳಿಗೇ ಅದು ಸುಲಭವಾಗಿ ಬಂತು. ಯಾಕೆ ಅಂತ ನಿಮಗೆ ತೋರಿಸಬೇಕೆಂದೇ ಬಂದೆ” ಎಂದು ಚೀಲದಿಂದ ನೋಟುಬುಕ್ಕು ತೆಗೆದಳು.

ಮೊದಲು ಆ ಪಾಠವನ್ನೇ ನೋಡೋಣ. ಫ್ರೆಂಚ್ ಉಚ್ಚಾರಣೆಯನ್ನು ಕನ್ನಡದ ಅಕ್ಷರಗಳಲ್ಲಿ ಪೂರ್ತಿ ಹಿಡಿಯಲಾಗದು. ನಾನು ಹೇಳುವುದು ಕಿವಿಗೆ ಸಮೀಪವಾದ ರೂಪವಷ್ಟೇ ಎಂದು ತಿಳಿಯಿರಿ.

ಕನ್ನಡದಲ್ಲಿ ನಾವು ಭೂತಕಾಲವನ್ನು ಹೇಗೆ ಕಟ್ಟುತ್ತೇವೆ? ಧಾತುವಿಗೆ ‘ದ’ ಎಂಬ ಕಾಲಸೂಚಕ ಪ್ರತ್ಯಯವನ್ನು ಸೇರಿಸುತ್ತೇವೆ. ಅದರ ಮೇಲೆ ಯಾರು ಮಾಡಿದರೆಂಬ ಗುರುತನ್ನು ಅಂಟಿಸುತ್ತೇವೆ. ಬರೆ ಎಂಬುದು ಬರೆದೆನು, ಬರೆದನು, ಬರೆದಳು ಎಂದಾಗುತ್ತದೆ. ಎಲ್ಲವೂ ಒಂದೇ ಪದದಲ್ಲಿ ಮುಗಿಯಿತು. ಫ್ರೆಂಚಿನ ಆಡುಮಾತಿನ ಭೂತಕಾಲ ಹಾಗಲ್ಲ. ಅದಕ್ಕೆ ಎರಡು ಪದಗಳು ಬೇಕು. ಮೊದಲನೆಯದು ಸಹಾಯಕ ಕ್ರಿಯಾಪದ. ಎರಡನೆಯದು ಭೂತಕೃದಂತ. ನಾವು ‘ಬರೆದು ಇದ್ದಾಳೆ’ ಎಂಬುದನ್ನು ಕೂಡಿಸಿ ‘ಬರೆದಿದ್ದಾಳೆ’ ಎನ್ನುವುದಿಲ್ಲವೆ? ಅಂಥದೇ ಕಟ್ಟಡ. ನಮ್ಮಲ್ಲಿ ಸಹಾಯಕ ಹಿಂದೆ ಬರುತ್ತದೆ, ಅವರಲ್ಲಿ ಮುಂದೆ ಬರುತ್ತದೆ.

ಭೂತಕೃದಂತವನ್ನು ಮಾಡುವುದು ಕಷ್ಟವಲ್ಲ. ಫ್ರೆಂಚ್ ಕ್ರಿಯಾಪದಗಳನ್ನು ಅವುಗಳ ಕೊನೆಯನ್ನು ನೋಡಿ ಮೂರು ಗುಂಪು ಮಾಡುತ್ತಾರೆ. ‘ಪಾರ್ಲೇ’ ಎಂದರೆ ಮಾತನಾಡು. ಇದು ಮೊದಲನೆಯ, ಎಲ್ಲಕ್ಕಿಂತ ದೊಡ್ಡ ಗುಂಪು. ಇದರ ಭೂತಕೃದಂತವೂ ಕಿವಿಗೆ ‘ಪಾರ್ಲೇ’ ಎಂದೇ ಕೇಳಿಸುತ್ತದೆ, ಬರವಣಿಗೆಯಲ್ಲಿ ಮಾತ್ರ ವ್ಯತ್ಯಾಸ. ‘ಫಿನೀರ್’ ಎಂದರೆ ಮುಗಿಸು. ಕೊನೆಯ ರಕಾರವನ್ನು ಬಿಟ್ಟರೆ ‘ಫಿನಿ’, ಅದೇ ಭೂತಕೃದಂತ. ‘ವಾಂದ್ರ್’ ಎಂದರೆ ಮಾರು. ಅದು ‘ವಾಂದ್ಯು’ ಎಂದಾಗುತ್ತದೆ. ಈ ಮೂರು ಅಚ್ಚುಗಳನ್ನು ನೆನಪಿಟ್ಟರೆ ಬಹುಪಾಲು ಕ್ರಿಯಾಪದಗಳು ವಶವಾದಂತೆಯೇ.

ಅಚ್ಚಿಗೆ ಒಗ್ಗದವೂ ಇವೆ. ಮಾಡು ಎಂಬ ಅರ್ಥದ ‘ಫೆರ್’ ಹೋಗಿ ‘ಫೆ’ ಆಗುತ್ತದೆ. ನೋಡು ಎಂಬ ಅರ್ಥದ ‘ವ್ವಾರ್’ ಎಂಬುದು ‘ವ್ಯು’ ಆಗುತ್ತದೆ. ಕುಡಿ ಎಂಬ ಅರ್ಥದ ‘ಬ್ವಾರ್’ ‘ಬ್ಯು’ ಆಗುತ್ತದೆ. ತೆಗೆದುಕೊ ಎಂಬ ‘ಪ್ರಾಂದ್ರ್’ ‘ಪ್ರೀ’ ಆಗುತ್ತದೆ. ಇದೇನು ಅನ್ಯಾಯ ಎನ್ನಬೇಡಿ. ನಮ್ಮಲ್ಲಿ ಮಾಡು ಮಾಡಿದ ಆಗುತ್ತದೆ, ಕೊಡು ಕೊಡಿದ ಆಗದೆ ಕೊಟ್ಟ ಆಗುತ್ತದೆ. ಬರು ಬಂದ, ತಿನ್ನು ತಿಂದ, ಬೀಳು ಬಿದ್ದ, ಹೋಗು ಹೋದ. ಹೆಚ್ಚು ಬಳಕೆಯ ಪಾತ್ರೆಯೇ ಮೊದಲು ಸವೆಯುವಂತೆ ದಿನಬಳಕೆಯ ಕ್ರಿಯಾಪದಗಳೇ ಎಲ್ಲ ಭಾಷೆಗಳಲ್ಲಿಯೂ ಅಚ್ಚು ತಪ್ಪುತ್ತವೆ. ಇವನ್ನು ಬಾಯಿಪಾಠ ಮಾಡುವುದೊಂದೇ ದಾರಿ.

ಇನ್ನು ಸಹಾಯಕ ಕ್ರಿಯಾಪದ. ಬೆಂಗಳೂರಿನ ತರಗತಿಯವರು ಎಡವುವ ಕಲ್ಲು ಇಲ್ಲಿಯೇ ಇದೆ. ಕನ್ನಡಕ್ಕೆ ‘ಇರು’ ಒಂದೇ ಸಾಕು. ಬರೆದಿದ್ದಾಳೆ, ಹೋಗಿದ್ದಾಳೆ, ತಿಂದಿದ್ದಾಳೆ, ಎಲ್ಲಕ್ಕೂ ‘ಇರು’. ಫ್ರೆಂಚಿನಲ್ಲಿ ಸಹಾಯಕಗಳು ಎರಡು. ಒಂದು ‘ಎತ್ರ್’, ನಮ್ಮ ಇರು ಎಂಬ ಅರ್ಥದ್ದು. ಇನ್ನೊಂದು ‘ಆವ್ವಾರ್’, ಹೊಂದಿರು ಎಂಬ ಅರ್ಥದ್ದು. ಕನ್ನಡಿಗನಿಗೆ ಈ ಎರಡನೆಯದು ಹೊಸದು. ನಾವು ನನ್ನ ಹತ್ತಿರ ದುಡ್ಡಿದೆ, ನನಗೆ ಇಬ್ಬರು ಮಕ್ಕಳಿದ್ದಾರೆ ಎನ್ನುತ್ತೇವೆಯೇ ಹೊರತು ನಾನು ದುಡ್ಡನ್ನು ಹೊಂದಿದ್ದೇನೆ ಎಂದು ಸಂತೆಯಲ್ಲಿ ಯಾರೂ ಹೇಳುವುದಿಲ್ಲ.

‘ಆವ್ವಾರ್’ನ ವರ್ತಮಾನ ರೂಪಗಳು ಹೀಗಿವೆ: ನಾನು ಎಂಬುದಕ್ಕೆ ‘ಜೇ’, ನೀನು ಎಂಬುದಕ್ಕೆ ‘ತ್ಯು ಆ’, ಅವನು ಎಂಬುದಕ್ಕೆ ‘ಇಲ್ ಆ’, ಅವಳು ಎಂಬುದಕ್ಕೆ ‘ಎಲ್ ಆ’, ನಾವು ಎಂಬುದಕ್ಕೆ ‘ನೂಜ಼ಾವೊಂ’, ನೀವು ಎಂಬುದಕ್ಕೆ ‘ವೂಜ಼ಾವೇ’, ಅವರು ಎಂಬುದಕ್ಕೆ ‘ಇಲ್‌ಜ಼ೋಂ’. ಇವುಗಳ ಮುಂದೆ ಭೂತಕೃದಂತವನ್ನು ಇಟ್ಟರಾಯಿತು. ‘ಜೇ ಪಾರ್ಲೇ’, ನಾನು ಮಾತನಾಡಿದೆ. ‘ಇಲ್ ಆ ಫಿನಿ’, ಅವನು ಮುಗಿಸಿದ. ‘ನೂಜ಼ಾವೊಂ ವಾಂದ್ಯು’, ನಾವು ಮಾರಿದೆವು. ಇಲ್ಲ ಎನ್ನಬೇಕಾದರೆ ಸಹಾಯಕದ ಹಿಂದೆ ಮುಂದೆ ಎರಡು ತುಂಡುಗಳನ್ನು ಕಾವಲಿಡುತ್ತಾರೆ. ‘ಜ ನೇ ಪಾ ಪಾರ್ಲೇ’, ಅಂದರೆ ನಾನು ಮಾತನಾಡಲಿಲ್ಲ. ಕೃದಂತವು ಕಾವಲಿನ ಹೊರಗೇ ಉಳಿಯುತ್ತದೆ.

ಹಾಗಾದರೆ ‘ಎತ್ರ್’ ಯಾವಾಗ? ಹೋಗು, ಬಾ, ತಲುಪು, ಹೊರಡು, ಒಳಗೆ ಬಾ, ಹೊರಗೆ ಹೋಗು, ಹತ್ತು, ಇಳಿ, ಬೀಳು, ಉಳಿ, ಹುಟ್ಟು, ಸಾಯು, ಇಂಥ ಸುಮಾರು ಹದಿನೈದು ಹದಿನಾರು ಕ್ರಿಯಾಪದಗಳಿಗೆ ‘ಎತ್ರ್’ ಸಹಾಯಕ. ‘ಇಲ್ ಎ ಪಾರ್ತಿ’, ಅವನು ಹೊರಟ. ‘ಎಲ್ ಎ ವನ್ಯು’, ಅವಳು ಬಂದಳು. ತನ್ನನ್ನು ತಾನೇ ತೊಳೆದುಕೊಳ್ಳುವುದು, ತಾನೇ ಏಳುವುದು ಮುಂತಾದ ಆತ್ಮಾರ್ಥಕ ಕ್ರಿಯೆಗಳಿಗೂ ಇದೇ ಸಹಾಯಕ. ಉಳಿದ ಕ್ರಿಯಾಪದಗಳಿಗೆಲ್ಲ ‘ಆವ್ವಾರ್’.

ಈ ಪಟ್ಟಿಯನ್ನು ಓದುತ್ತಿದ್ದಂತೆ ನಾನು ಬೆಚ್ಚಿದೆ. ಇದನ್ನು ನಾನು ಎಲ್ಲಿಯೋ ನೋಡಿದ್ದೆ. ಸಂಸ್ಕೃತದಲ್ಲಿ ‘ಕ್ತ’ ಎಂಬ ಭೂತಕೃತ್ಪ್ರತ್ಯಯವಿದೆ. ಲಿಖ್ ಧಾತುವಿಗೆ ಹತ್ತಿ ಲಿಖಿತ, ಗಮ್ ಧಾತುವಿಗೆ ಹತ್ತಿ ಗತ. ಈ ಪ್ರತ್ಯಯವು ಸಾಮಾನ್ಯವಾಗಿ ಕರ್ಮವನ್ನು ಹೇಳುತ್ತದೆ. ‘ಲಿಖಿತ’ ಎಂದರೆ ಬರೆದವನಲ್ಲ, ಬರೆಯಲ್ಪಟ್ಟದ್ದು. ಆದರೆ ಕೆಲವು ಧಾತುಗಳಿಗೆ ಹತ್ತಿದಾಗ ಕರ್ತೃವನ್ನೇ ಹೇಳುತ್ತದೆ. ‘ಗತ’ ಎಂದರೆ ಹೋದವನು. ಆ ಧಾತುಗಳು ಯಾವುವೆಂದು ಪಾಣಿನಿಯು ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದಲ್ಲಿ ಪಟ್ಟಿ ಕೊಟ್ಟಿದ್ದಾನೆ. ಚಲನೆಯ ಅರ್ಥದವು, ಅಕರ್ಮಕವಾದವು, ಜೊತೆಗೆ ನಿಲ್ಲು, ವಾಸಿಸು, ಹುಟ್ಟು, ಏರು, ಮುದಿಯಾಗು ಮುಂತಾದವು. ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಹೋಗು, ಬಾ, ಹುಟ್ಟು, ಏರು ಎರಡರಲ್ಲಿಯೂ ಇವೆ. ಪೂರ್ತಿ ಒಂದೇ ಎನ್ನುವಂತಿಲ್ಲ. ಮಲಗು, ಓಡು, ನಡೆ ಎಂಬ ಅಕರ್ಮಕಗಳಿಗೆ ಫ್ರೆಂಚರು ‘ಆವ್ವಾರ್’ ಅನ್ನೇ ಹಚ್ಚುತ್ತಾರೆ. ಕಲಿಯುವವರು ಅಷ್ಟು ಎಚ್ಚರದಿಂದಿರಬೇಕು. ಆದರೂ ಎರಡರ ಹಿಂದಿರುವ ಯೋಚನೆ ಒಂದೇ. ಹೋದ ಮೇಲೆ, ಹುಟ್ಟಿದ ಮೇಲೆ ಬದಲಾಗುವುದು ಕರ್ತೃವಿನ ಸ್ಥಿತಿ. ಬರೆದ ಮೇಲೆ ಬದಲಾಗುವುದು ಬರೆಸಿಕೊಂಡ ವಸ್ತುವಿನ ಸ್ಥಿತಿ.

ಇದು ಆಕಸ್ಮಿಕವಲ್ಲ. ಫ್ರೆಂಚ್ ಭಾಷೆ ಲ್ಯಾಟಿನ್ನಿನ ಮಗಳು. ಲ್ಯಾಟಿನ್ ಮತ್ತು ಸಂಸ್ಕೃತ ಒಂದೇ ಮೂಲದಿಂದ ಬಂದ ಅಕ್ಕತಂಗಿಯರೆಂಬ ಮಾತನ್ನು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದನು. ನಮ್ಮ ಕನ್ನಡ, ತೆಲುಗು, ತಮಿಳುಗಳು ಆ ಮನೆತನದವಲ್ಲ, ಬೇರೆಯೇ ಒಂದು ಮನೆತನದವು ಎಂಬುದನ್ನು 1816ರಲ್ಲಿ ಮದರಾಸಿನ ಎಲ್ಲಿಸನೂ 1856ರಲ್ಲಿ ಕಾಲ್ಡ್‌ವೆಲ್ಲನೂ ತೋರಿಸಿಕೊಟ್ಟರು.

ಇಷ್ಟಾದ ಮೇಲೆ ನನ್ನ ವಿದ್ಯಾರ್ಥಿನಿ ನೋಟುಬುಕ್ಕಿನ ಇನ್ನೊಂದು ಪುಟ ತಿರುವಿ ಎರಡು ವಾಕ್ಯಗಳನ್ನು ಓದಿದಳು. ನೀವೂ ಕಿವಿಗೊಟ್ಟು ಕೇಳಿ. ಮೊದಲನೆಯದು, ‘ಎಲ್ ಆ ಏಕ್ರೀ ಲಾ ಲೆತ್ರ್’. ಅವಳು ಪತ್ರವನ್ನು ಬರೆದಳು ಎಂದರ್ಥ. ಎರಡನೆಯದು, ‘ಲಾ ಲೆತ್ರ್ ಕೆಲ್ ಆ ಏಕ್ರೀತ್’. ಅವಳು ಬರೆದ ಪತ್ರ ಎಂದರ್ಥ. ಮೊದಲನೆಯದರಲ್ಲಿ ‘ಏಕ್ರೀ’, ಎರಡನೆಯದರಲ್ಲಿ ‘ಏಕ್ರೀತ್’. ಈ ತಕಾರ ಎಲ್ಲಿಂದ ಬಂತು?

ಫ್ರೆಂಚಿನಲ್ಲಿ ನಿರ್ಜೀವ ವಸ್ತುಗಳಿಗೂ ಲಿಂಗವಿದೆ. ಪತ್ರ ಎಂಬರ್ಥದ ‘ಲೆತ್ರ್’ ಸ್ತ್ರೀಲಿಂಗ. ಈ ಕರ್ಮಪದವು ಕ್ರಿಯೆಗಿಂತ ಮೊದಲೇ ಬಂದಿದ್ದರೆ ಭೂತಕೃದಂತವು ಅದರ ಲಿಂಗವಚನಗಳನ್ನು ಅನುಸರಿಸಬೇಕು. ಪತ್ರ ಮೊದಲು ಬಂದು ಕುಳಿತದ್ದರಿಂದ ಕೃದಂತ ಸ್ತ್ರೀಲಿಂಗದ ವೇಷ ತೊಟ್ಟಿತು, ಅಡಗಿದ್ದ ತಕಾರ ಬಾಯಿಗೆ ಬಂತು. ಪತ್ರ ಹಿಂದಿನಿಂದ ಬಂದರೆ ಆ ವೇಷ ಬೇಕಿಲ್ಲ. ಬರೆದವಳು ಹೆಂಗಸೋ ಬರೆದವನು ಗಂಡಸೋ ಎಂಬುದು ಇಲ್ಲಿ ಲೆಕ್ಕಕ್ಕೇ ಇಲ್ಲ. ‘ಎತ್ರ್’ ಬರುವ ಕಡೆ ಹಾಗಲ್ಲ. ಅಲ್ಲಿ ಕೃದಂತ ಕರ್ತೃವನ್ನೇ ಅನುಸರಿಸುತ್ತದೆ. ಅವನು ಸತ್ತ ಎನ್ನಲು ‘ಇಲ್ ಎ ಮೊರ್’, ಅವಳು ಸತ್ತಳು ಎನ್ನಲು ‘ಎಲ್ ಎ ಮೊರ್ತ್’. ಈ ಕರ್ಮಾನುಸರಣೆಯ ನಿಯಮವನ್ನು 16ನೆಯ ಶತಮಾನದ ಕವಿ ಕ್ಲೆಮಾಂ ಮಾರೋ ಎಂಬವನು ಇಟಾಲಿಯನ್ ಭಾಷೆಯ ಮೇಲ್ಪಂಕ್ತಿಯನ್ನು ತೋರಿಸಿ ಪದ್ಯದಲ್ಲಿ ಹೇಳಿದನಂತೆ. ವ್ಯಾಕರಣವನ್ನು ಪದ್ಯದಲ್ಲಿ ಹೇಳುವುದು ನಮಗೇನು ಹೊಸತಲ್ಲ. 13ನೆಯ ಶತಮಾನದಲ್ಲಿಯೇ ಕೇಶಿರಾಜನು ಶಬ್ದಮಣಿದರ್ಪಣವನ್ನು ಕಂದಪದ್ಯಗಳಲ್ಲಿ ಬರೆದಿದ್ದಾನೆ.

“ಇದು ಎಲ್ಲರಿಗೂ ವಿಚಿತ್ರ ಅನ್ನಿಸುತ್ತದೆ ಸರ್” ಎಂದಳು ಹುಡುಗಿ. “ಬರೆದವಳನ್ನು ಬಿಟ್ಟು ಪತ್ರವನ್ನು ಯಾಕೆ ನೋಡಬೇಕು ಅಂತ ಜಗಳಕ್ಕೆ ಬರುತ್ತಾರೆ. ನನಗೇನೂ ಅನ್ನಿಸಲಿಲ್ಲ. ನಮ್ಮ ಮನೆಯಲ್ಲಿ ಮಾತಾಡುವುದೇ ಹಾಗಲ್ಲವೆ?”

ಆ ಮಾತು ಕೇಳಿ ನನಗೆ ಸುಮಾರು ಇಪ್ಪತ್ತು ವರ್ಷ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು.

ಆಗ ಇವಳು ಎಂಟನೆಯ ತರಗತಿ. ‘ನಮ್ಮ ಮನೆಗೆ ಬಂದ ಪತ್ರ’ ಎಂದು ನಿಬಂಧ ಬರೆಯಲು ಕೊಟ್ಟಿದ್ದೆ. ಇವಳ ಅಣ್ಣ ಸೈನ್ಯಕ್ಕೆ ಸೇರಿದ್ದ. ಹುಡುಗಿ ಬರೆದದ್ದು ಹೀಗಿತ್ತು: ಅಣ್ಣ ಪುಣೆಗೆ ಹೋದನು. ಅಣ್ಣ ಪತ್ರ ಬರೆಯಿತು. ಅಪ್ಪ ಪತ್ರ ಓದಿತು. ಅವ್ವ ಅತ್ತಳು.

ನಾನು ಆ ನಿಬಂಧವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. “ಪತ್ರ ಬರೆಯಿತು ಅನ್ನುವುದಕ್ಕೆ ನಿಮ್ಮಣ್ಣ ಏನು ಎತ್ತೋ, ಎಮ್ಮೆಯೋ?” ಎಂದೆ. ತರಗತಿಯೆಲ್ಲ ನಕ್ಕಿತು. ಹುಡುಗಿ ತಲೆ ತಗ್ಗಿಸಿ ಕುಳಿತಳು. ಹೋದನು, ಅತ್ತಳು ಎಂದು ಎರಡು ಸಲ ಸರಿಯಾಗಿ ಬರೆದವಳು ನಡುವೆ ಎರಡು ಸಲ ತಪ್ಪಿದ್ದಾಳಲ್ಲ, ಇದು ತಿಳಿಯದೆ ಮಾಡಿದ್ದಲ್ಲ, ಬರಿಯ ಅಲಕ್ಷ್ಯ ಎಂದು ತೀರ್ಮಾನಿಸಿದೆ. ಕೆಂಪು ಶಾಯಿಯಲ್ಲಿ ‘ಅಲಕ್ಷ್ಯ’ ಎಂದೇ ಬರೆದೆ.

ಈಗ ಆ ನಾಲ್ಕು ವಾಕ್ಯಗಳನ್ನು ಅವಳ ಮನೆಮಾತಿನಲ್ಲಿ ಹೇಳಿ ನೋಡೋಣ. ‘ದಾದಾ ಪುಣ್ಯಾಲಾ ಗೇಲಾ.’ ಅಣ್ಣ ಪುಣೆಗೆ ಹೋದ. ಹೋಗುವುದು ಚಲನೆ, ಆದ್ದರಿಂದ ಕ್ರಿಯಾಪದ ಅಣ್ಣನನ್ನೇ ಅನುಸರಿಸಿ ಪುಲ್ಲಿಂಗದಲ್ಲಿದೆ. ‘ದಾದಾನೇ ಪತ್ರ ಲಿಹಿಲೇ.’ ಇಲ್ಲಿ ಅಣ್ಣನಿಗೆ ‘ನೇ’ ಹತ್ತಿತು, ಅವನು ತೃತೀಯಾ ವಿಭಕ್ತಿಗೆ ಸರಿದ. ಕ್ರಿಯಾಪದ ಪತ್ರವನ್ನು ಅನುಸರಿಸಿತು. ಮರಾಠಿಯಲ್ಲಿ ಪತ್ರ ನಪುಂಸಕಲಿಂಗ, ಆದ್ದರಿಂದ ‘ಲಿಹಿಲೇ’. ‘ಬಾಬಾಂನೀ ಪತ್ರ ವಾಚಲೇ.’ ಅಪ್ಪ ಪತ್ರ ಓದಿದ. ಇಲ್ಲಿಯೂ ಅದೇ. ‘ಆಈ ರಡಲೀ.’ ತಾಯಿ ಅತ್ತಳು. ಅಳುವುದು ಅಕರ್ಮಕ, ಮತ್ತೆ ಕ್ರಿಯಾಪದ ಕರ್ತೃವಿನ ಕಡೆಗೆ ತಿರುಗಿತು.

ಕೇಳುಗರೇ, ಹುಡುಗಿ ತಪ್ಪಿದ್ದು ಎರಡು ಕಡೆ, ಎರಡೂ ಸಕರ್ಮಕ. ಸರಿಯಾಗಿ ಬರೆದದ್ದು ಎರಡು ಕಡೆ, ಎರಡೂ ಅಕರ್ಮಕ. ಅದರಲ್ಲಿ ಅಲಕ್ಷ್ಯ ಎಳ್ಳಷ್ಟೂ ಇರಲಿಲ್ಲ. ಅವಳು ಪಾಣಿನಿ ಕಂಡ ನಿಯಮವನ್ನು ಒಂದು ಕೂದಲೆಳೆಯೂ ತಪ್ಪದೆ ಪಾಲಿಸಿದ್ದಳು. ಪಾಲಿಸಬಾರದ ಭಾಷೆಯಲ್ಲಿ ಪಾಲಿಸಿದ್ದಳು, ಅಷ್ಟೇ. ಸಂಸ್ಕೃತದಲ್ಲಿ ‘ಮಯಾ ಪತ್ರಂ ಲಿಖಿತಮ್’ ಎಂದು ನೂರು ಸಲ ಪಾಠ ಹೇಳಿದ ನನಗೆ, ಅದೇ ವಾಕ್ಯ ಪಕ್ಕದ ಮನೆಯ ಹುಡುಗಿಯ ಬಾಯಲ್ಲಿ ಬಂದಾಗ ಗುರುತು ಸಿಗಲಿಲ್ಲ. ಅಲಕ್ಷ್ಯ ಇದ್ದದ್ದು ನನ್ನಲ್ಲಿ.

ಮರಾಠಿ ಹೀಗೇಕೆ ಎಂದರೆ ಕಾರಣ ಸರಳವಾಗಿದೆ. ಸಂಸ್ಕೃತದ ಹಳೆಯ ಭೂತಕಾಲದ ಕ್ರಿಯಾರೂಪಗಳು ಪ್ರಾಕೃತಗಳಲ್ಲಿ ಕ್ರಮೇಣ ಬಿದ್ದುಹೋದವು. ಜನರು ‘ಲಿಖಿತ’, ‘ಗತ’ ಎಂಬ ಕೃದಂತಗಳಿಂದಲೇ ಕೆಲಸ ಸಾಗಿಸಿದರು. ನನ್ನಿಂದ ಪತ್ರ ಬರೆಯಲ್ಪಟ್ಟಿತು ಎಂಬ ಕರ್ಮಣಿ ಪ್ರಯೋಗವೇ ನಾನು ಬರೆದೆ ಎಂಬುದರ ಸ್ಥಾನಕ್ಕೆ ಬಂತು. ಅತ್ತ ಯುರೋಪಿನಲ್ಲಿ ಲ್ಯಾಟಿನ್ನಿಗೂ ಹೆಚ್ಚು ಕಡಿಮೆ ಅದೇ ಗತಿಯಾಯಿತು. ನನ್ನ ಬಳಿ ಬರೆದ ಪತ್ರವಿದೆ ಎಂಬ ಅರ್ಥದ ವಾಕ್ಯವು ಕ್ರಮೇಣ ನಾನು ಪತ್ರ ಬರೆದೆ ಎಂಬರ್ಥಕ್ಕೆ ತಿರುಗಿತು. ‘ಬರೆದ’ ಎಂಬುದು ಪತ್ರದ ವಿಶೇಷಣವಾಗಿದ್ದುದರಿಂದ ಪತ್ರದ ಲಿಂಗವನ್ನು ಹೊತ್ತಿತು. ಇಂದಿಗೂ ಅದರ ಗುರುತು ‘ಏಕ್ರೀತ್’ ಎಂಬ ತಕಾರದಲ್ಲಿ ಉಳಿದಿದೆ.

ಕನ್ನಡದ ದಾರಿ ಬೇರೆ. ನಮ್ಮಲ್ಲಿ ಸಕರ್ಮಕವಿರಲಿ ಅಕರ್ಮಕವಿರಲಿ ಕ್ರಿಯಾಪದದ ಕಣ್ಣು ಯಾವಾಗಲೂ ಕರ್ತೃವಿನ ಮೇಲೆ. ಬರೆದವನು ಅಣ್ಣನಾದರೆ ಬರೆದನು, ಬರೆದದ್ದು ಪತ್ರವಾಗಲಿ ಪುರಾಣವಾಗಲಿ. ಈ ಗುಣ ಎಷ್ಟು ಬಲವಾದುದೆಂದರೆ ನೆರೆಯ ಭಾಷೆಗೂ ಹತ್ತುತ್ತದೆ. ದಿಲ್ಲಿ, ಲಖನೌಗಳ ಉರ್ದುವಿನಲ್ಲಿ ‘ಮೈನೇ ರೋಟೀ ಖಾಯೀ’ ಎನ್ನಬೇಕು. ರೊಟ್ಟಿ ಸ್ತ್ರೀಲಿಂಗ, ಕ್ರಿಯೆ ರೊಟ್ಟಿಯ ಹಿಂದೆ ಹೋಗುತ್ತದೆ. ನಮ್ಮ ಹುಮನಾಬಾದಿನ ಬಜಾರಿನಲ್ಲಿ ನಿಂತು ಕೇಳಿ. ದಖನಿ ಮಾತನಾಡುವವರ ಬಾಯಲ್ಲಿ ಹೆಚ್ಚಾಗಿ ‘ಮೈ ರೋಟೀ ಖಾಯಾ’ ಎಂದೇ ಬರುತ್ತದೆ. ‘ನೇ’ ಬಿದ್ದುಹೋಗಿದೆ, ಕ್ರಿಯೆ ಕರ್ತೃವಿನ ಹಿಂದೆ ಬಂದಿದೆ. ಶತಮಾನಗಳ ಕಾಲ ಕನ್ನಡ ತೆಲುಗುಗಳ ಮಗ್ಗುಲಲ್ಲಿ ಬಾಳಿದ್ದೇ ಇದಕ್ಕೆ ಕಾರಣವೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಇದನ್ನು ಕೆಟ್ಟ ಉರ್ದು ಎಂದು ನಗುವವರಿದ್ದಾರೆ. ನನ್ನ ಕಿವಿಗೆ ಅದು ನೆಂಟಸ್ತಿಕೆಯ ಗುರುತಾಗಿ ಕೇಳುತ್ತದೆ.

ನಮ್ಮ ಸೀಮೆ ಇಂಥ ನೆಂಟಸ್ತಿಕೆಯ ಸೀಮೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರನು ಇಲ್ಲಿ ಮಿತಾಕ್ಷರವನ್ನು ಸಂಸ್ಕೃತದಲ್ಲಿ ಬರೆದನು. 12ನೆಯ ಶತಮಾನದಲ್ಲಿ ಶರಣರು ಇಲ್ಲಿಯೇ ಆಡುಗನ್ನಡಕ್ಕೆ ವಚನದ ಪಟ್ಟ ಕಟ್ಟಿದರು. ಬಹಮನಿಗಳ ಕಾಲದಿಂದ ಪಾರಸಿ ಬಂತು, ನಿಜಾಮರ ಆಡಳಿತದಲ್ಲಿ 1948ರ ವರೆಗೆ ಉರ್ದು ಕಚೇರಿಯ ಭಾಷೆಯಾಗಿತ್ತು. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ ನೆಲೆಸಿ ಕನ್ನಡ, ಮರಾಠಿ, ಹಿಂದಿಗಳಲ್ಲಿ ಪದಗಳನ್ನು ರಚಿಸಿದರು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಎಳೆದಾಗ ಹಳೆಯ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಆಗಿನ ಮುಂಬಯಿ ರಾಜ್ಯಕ್ಕೂ ನಾರಾಯಣಖೇಡ ಆಂಧ್ರಕ್ಕೂ ಹೋದವು, ನಾವು ಮೈಸೂರು ರಾಜ್ಯಕ್ಕೆ ಬಂದೆವು. ಗೆರೆ ಬಿದ್ದದ್ದು ನಕ್ಷೆಯಲ್ಲಿ. ಬೀಗರ ಮನೆಗಳ ನಡುವೆ, ಸಂತೆಯ ನಡುವೆ, ಓಣಿಯ ನಡುವೆ ಗೆರೆ ಬೀಳಲಿಲ್ಲ.

ಮಾತು ಬೇರೆ ಕಡೆ ಹೋಯಿತು. ಫ್ರೆಂಚ್ ಕಲಿಯುವವರಿಗೆ ಇನ್ನೆರಡು ಸೂಚನೆ ಕೊಟ್ಟು ಮುಗಿಸಬೇಕು.

ಒಂದನೆಯದು, ‘ಇಲ್ ಎ ಪಾರ್ತಿ’ ಎಂಬುದಕ್ಕೆ ಹೊರಟ ಎಂದೂ ಹೊರಟಿದ್ದಾನೆ ಎಂದೂ ಎರಡೂ ಅರ್ಥವಾಗಬಹುದು. ಕನ್ನಡ ಇಲ್ಲಿ ಎರಡು ರೂಪಗಳನ್ನು ಇಟ್ಟುಕೊಂಡಿದೆ, ಫ್ರೆಂಚಿನ ಆಡುಮಾತು ಒಂದರಲ್ಲಿಯೇ ನಿಭಾಯಿಸುತ್ತದೆ. ಒಂದೇ ಪದದ ಭೂತಕಾಲವೂ ಅವರಲ್ಲಿ ಉಂಟು, ಆದರೆ ಅದು ಈಗ ಹೆಚ್ಚಾಗಿ ಗ್ರಂಥಗಳಲ್ಲಿ ಮಾತ್ರ. ನಾವು ಪುಸ್ತಕದಲ್ಲಿ ಹೊರಟನು ಎಂದು ಬರೆದು ಮನೆಯಲ್ಲಿ ಹೊರಟ ಎನ್ನುವಂತೆ.

ಎರಡನೆಯದು, ನಡೆದು ಮುಗಿದ ಕ್ರಿಯೆ ಬೇರೆ, ಆಗ ನಡೆಯುತ್ತಿದ್ದ ಕ್ರಿಯೆ ಬೇರೆ. ಬರೆದೆ ಎಂಬುದಕ್ಕೂ ಬರೆಯುತ್ತಿದ್ದೆ ಎಂಬುದಕ್ಕೂ ಇರುವ ಭೇದ. ಎರಡನೆಯದಕ್ಕೆ ಫ್ರೆಂಚಿನಲ್ಲಿ ಸಹಾಯಕ ಬೇಡ. ನಾವು ಎಂಬುದಕ್ಕೆ ಬರುವ ವರ್ತಮಾನ ರೂಪವನ್ನು ತೆಗೆದುಕೊಂಡು, ಅದರ ಕೊನೆಯ ‘ಒಂ’ ಕಳೆದು, ಬೇರೆ ಪ್ರತ್ಯಯಗಳನ್ನು ಹಚ್ಚಬೇಕು. ‘ನೂ ಪಾರ್ಲೊಂ’, ನಾವು ಮಾತನಾಡುತ್ತೇವೆ. ಅದರಿಂದ ‘ಜ ಪಾರ್ಲೆ’, ನಾನು ಮಾತನಾಡುತ್ತಿದ್ದೆ. ಈ ನಿಯಮಕ್ಕೆ ಹೊರತಾದ ಕ್ರಿಯಾಪದ ‘ಎತ್ರ್’ ಒಂದೇ ಎನ್ನಬಹುದು. ನಾನು ಪತ್ರ ಬರೆಯುತ್ತಿದ್ದೆ, ಅಷ್ಟರಲ್ಲಿ ಅಣ್ಣ ಬಂದ ಎಂಬ ವಾಕ್ಯದಲ್ಲಿ ಕನ್ನಡದವರಿಗೆ ಯಾವ ರೂಪ ಎಲ್ಲಿ ಎಂಬ ಸಂದೇಹ ಬರುವುದಿಲ್ಲ. ಫ್ರೆಂಚಿನಲ್ಲಿಯೂ ಅಲ್ಲಿಯೇ ಅವು ಕೂರುತ್ತವೆ. ಇಂಗ್ಲಿಷಿನ ಮೂಲಕ ಹೋದವರಿಗೆ ಇಲ್ಲಿ ಗೊಂದಲವಾಗುತ್ತದೆ. ಆದ್ದರಿಂದ ಇಲ್ಲಿ ಕನ್ನಡದ ಮೂಲಕ ಹೋಗಿರಿ, ಕರ್ಮಾನುಸರಣೆಗೆ ಮರಾಠಿಯ ಮೂಲಕ ಹೋಗಿರಿ.

ಆ ದಿನ ಹುಡುಗಿ ನೋಟುಬುಕ್ಕು ಮುಚ್ಚಿದ ಮೇಲೆ ನಾನು ಕೇಳಿದೆ: “ಎಂಟನೆಯ ತರಗತಿಯ ನಿಬಂಧ ನೆನಪಿದೆಯೇನವ್ವಾ?”

“ಇದೆ ಸರ್” ಎಂದಳು. “ಆವತ್ತಿನಿಂದ ಪರೀಕ್ಷೆಯಲ್ಲಿ ಭೂತಕಾಲ ಬಾರದ ಹಾಗೆ ವಾಕ್ಯ ಮಾಡುತ್ತಿದ್ದೆ. ಬರೆದನು ಅನ್ನುವ ಕಡೆ ಬರೆಯುತ್ತಾನೆ ಅಂತ ಬರೆದು ತಪ್ಪಿಸಿಕೊಳ್ಳುತ್ತಿದ್ದೆ. ಮನೆಯಲ್ಲಿಯೂ ಅಷ್ಟೇ, ಗೆಳತಿಯರು ಬಂದಾಗ ಅವ್ವನ ಜೊತೆ ಮರಾಠಿ ಮಾತಾಡಲು ನಾಚಿಕೆಯಾಗುತ್ತಿತ್ತು.” ಸಿಟ್ಟಿನಿಂದ ಹೇಳಲಿಲ್ಲ, ಚಹಾದ ಕಪ್ಪು ಕೈಯಲ್ಲಿ ಹಿಡಿದು ನಗುತ್ತಲೇ ಹೇಳಿದಳು. ನನಗೆ ಚಹಾ ಇಳಿಯಲಿಲ್ಲ. ಎರಡು ವರ್ಷ ಅವಳ ಉತ್ತರಪತ್ರಿಕೆಗಳನ್ನು ತಿದ್ದಿದವನು ನಾನೇ. ಅವಳು ಭೂತಕಾಲವನ್ನೇ ಬಿಟ್ಟು ಬರೆಯುತ್ತಿದ್ದುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ತಪ್ಪಿಲ್ಲವೆಂದು ಅಂಕ ಕೊಟ್ಟಿದ್ದೆ.

“ಆ ದಿನ ತಪ್ಪು ನನ್ನದು” ಎಂದು ಅವಳಿಗೆ ಹೇಳಿದೆ. ಇಪ್ಪತ್ತು ವರ್ಷ ತಡವಾಗಿ ಹೇಳಿದೆ.

ಈಗ ನನ್ನ ತರಗತಿಯಲ್ಲಿ ಭೂತಕಾಲದ ಪಾಠ ಬಂದಾಗ ಹಲಗೆಯ ಮೇಲೆ ಮೂರು ಸಾಲು ಬರೆಯುತ್ತೇನೆ. ಒಂದರಲ್ಲಿ ಕನ್ನಡ, ಒಂದರಲ್ಲಿ ಮರಾಠಿ, ಒಂದರಲ್ಲಿ ದಖನಿ. ಅಣ್ಣ ಹೋದ, ಅಣ್ಣ ಪತ್ರ ಬರೆದ, ಈ ಎರಡೇ ವಾಕ್ಯ. ಮನೆಯಲ್ಲಿ ಹೇಗೆ ಹೇಳುತ್ತೀರಿ ಎಂದು ಮಕ್ಕಳನ್ನೇ ಕೇಳಿ ತುಂಬಿಸುತ್ತೇನೆ. ಕ್ರಿಯಾಪದ ಯಾರನ್ನು ನೋಡುತ್ತಿದೆ ಎಂದು ಕೇಳಿದರೆ ಐದು ನಿಮಿಷದಲ್ಲಿ ಅವರೇ ಹೇಳುತ್ತಾರೆ. ಕನ್ನಡದಲ್ಲಿ ಅದು ಯಾವಾಗಲೂ ಮಾಡಿದವನನ್ನು ನೋಡುತ್ತದೆ ಎಂಬುದನ್ನು ಒಮ್ಮೆ ಕಂಡುಕೊಂಡ ಮಗು ಮತ್ತೆ ‘ಅಣ್ಣ ಬರೆಯಿತು’ ಎಂದು ಬರೆಯುವುದು ಕಡಿಮೆ. ಬರೆದರೂ ನಾನು ಕೆಂಪು ಶಾಯಿಯಲ್ಲಿ ‘ಅಲಕ್ಷ್ಯ’ ಎಂದು ಬರೆಯುವುದಿಲ್ಲ. ‘ಇದು ನಿಮ್ಮ ಮನೆಯ ನಿಯಮ, ಇಲ್ಲಿ ಕನ್ನಡದ ನಿಯಮ ಹಾಕು’ ಎಂದು ಬರೆಯುತ್ತೇನೆ.

ತಂದೆತಾಯಿಯರೇ, ನಿಮ್ಮಲ್ಲಿ ನನ್ನದೊಂದು ಬಿನ್ನಹ. ಮಗು ಎರಡು ಭಾಷೆಗಳ ನಡುವೆ ಎಡವಿದಾಗ ಕೂಡಲೆ ನಗಬೇಡಿ, ಗದರಬೇಡಿ. ಅದನ್ನು ಮನೆಮಾತಿನಲ್ಲಿ ಹೇಗೆ ಹೇಳುತ್ತೀ ಎಂದು ಕೇಳಿ. ಹತ್ತರಲ್ಲಿ ಎಂಟು ಸಲ ತಪ್ಪಿನ ಹಿಂದೆ ಒಂದು ನಿಯಮ ನಿಂತಿರುತ್ತದೆ. ಅದನ್ನು ಮಗುವಿಗೆ ತೋರಿಸಿಕೊಟ್ಟರೆ ಕನ್ನಡವೂ ನೆಟ್ಟಗಾಗುತ್ತದೆ, ಮನೆಮಾತಿನ ಮೇಲೆ ಮಗುವಿಗಿರುವ ಅಭಿಮಾನವೂ ಉಳಿಯುತ್ತದೆ.